ಜಪಾನಿನಲ್ಲಿ ಸಿಕ್ಕ ನಮ್ಮ ಟ್ಯೂನು

ಒಂದು ಕೆನ್ನೆ ಬೋಳಿಸಿ, ಇನ್ನೊಂದಕ್ಕೆ ನೊರೆ ಮೆತ್ತಿಕೊಂಡೇ ಅನಂತರಾಮು ಬಚ್ಚಲಿನಿಂದ ಹಾಲಿಗೆ ಓಡಿಬಂದರು. ಎಪ್ಪತ್ಮೂರರ ಅಪ್ಪ ಹೀಗೆ ಓಡಿದ್ದನ್ನು ಮಗಳು ಸಮನ್ವಿತಾ ಎಂದೂ ನೋಡಿರಲಿಲ್ಲ. ಅವಳ ಫೋನಿನಲ್ಲಿ ಗಿಟಾರು ಮೊಳಗುತ್ತಿತ್ತು.

"ಯಾರು ನುಡಿಸ್ತಿರೋದು ಇದನ್ನ?"

"ಜಪಾನ್‌ನೋರು ಅಪ್ಪಾ. ಹಳೇ ರೌಡಿ ಸಿನಿಮಾಗಳ ಮ್ಯೂಸಿಕ್ಕು. ಯಾರೋ ಹುಡುಕಿ ತೆಗೆದು ಈಗ ಮತ್ತೆ ಬಿಡುಗಡೆ ಮಾಡಿ ಮಾರ್ತಿದಾರೆ. ಗಿಟಾರ್ ಸಖತ್ತಾಗಿದೆ ಅಲ್ವಾ?"

 ಕರಕರನೆ ಒಡೆದ ದನಿಯ ಆ ಗಿಟಾರನ್ನು ಅನಂತರಾಮು ಅವರ ಬೆರಳುಗಳು ಐವತ್ತೆರಡು ವರ್ಷದಿಂದ ಬಲ್ಲವು. ಕಾಲೇಜಿನ ಬ್ಯಾಂಡಿನಲ್ಲಿ ಅವರು ಗಿಟಾರು, ಪುಟ್ಟೇನಹಳ್ಳಿಯ ಕೆಂಪರಾಜು ಡ್ರಮ್ಮು. ಇದೇ ಟ್ಯೂನಿಗೆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ಟ್ಯೂನು ಯಾರದೆಂದು ತೀರ್ಪುಗಾರರು ಕೇಳಿದಾಗ ಅನಂತರಾಮು ಮೈಕಿನಲ್ಲಿ, "ನಂದೇ ಸಾರ್" ಎಂದುಬಿಟ್ಟಿದ್ದರು. "ಮೊದಲು ಗುನುಗಿದ್ದು ನಾನಲ್ವೇನೋ?" ಎಂದು ಡ್ರಮ್ಮಿನ ಕಡ್ಡಿಗಳನ್ನು ಎಸೆದು ಹೋದ ಕೆಂಪರಾಜು ಮತ್ತೆ ಮಾತಾಡಲಿಲ್ಲ. ಜಯನಗರಕ್ಕೂ ಪುಟ್ಟೇನಹಳ್ಳಿಗೂ ಅರ್ಧ ಗಂಟೆಯ ದಾರಿ. ಇಬ್ಬರೂ ಅದನ್ನು ದಾಟಿರಲಿಲ್ಲ.

ಅನಂತರಾಮು ಮಗಳಿಂದ ಆ ಸಂಗೀತವನ್ನು ಫೋನಿಗೆ ಹಾಕಿಸಿಕೊಂಡು, ಉಳಿದ ಕೆನ್ನೆ ಬೋಳಿಸಿ, ಪುಟ್ಟೇನಹಳ್ಳಿಗೆ ಆಟೋ ಹತ್ತಿದರು.

ಹೊಲವಿದ್ದ ಜಾಗದಲ್ಲಿ ಈಗ ಕೆಂಪರಾಜು ಅವರ ಮೂರು ಮಹಡಿಯ ಬಾಡಿಗೆ ಮನೆಗಳು. ಗೇಟಿನ ಬಳಿ ಪೇಪರು ಓದುತ್ತಿದ್ದ ಕೆಂಪರಾಜು ತಲೆಯೆತ್ತಿ, ಗುರುತು ಸಿಗದೆ, "ಮನೆ ಖಾಲಿ ಇಲ್ಲ ಸಾರ್, ನಿನ್ನೆ ಕೊಟ್ಬಿಟ್ವಿ" ಎಂದರು.

ಅನಂತರಾಮು ಫೋನಿನಲ್ಲಿ ಆ ಟ್ಯೂನು ಹಾಕಿದರು.

ಕೆಂಪರಾಜು ಅವರ ಕೈಯ ಪೇಪರು ನೆಲಕ್ಕೆ ಜಾರಿತು. "ಅನಂತೂ... ಇದು ನಾವು ನುಡ್ಸಿದ್ದಾ? ಯಾವಾಗ ರೆಕಾರ್ಡ್ ಮಾಡಿದ್ರೋ?"

"ನಾವಲ್ಲ ಕಣೋ, ಜಪಾನ್‌ನೋರು. ಯಾವುದೋ ಸಿನಿಮಾದ್ದು. ನಮಗಿಂತ ಮುಂಚೇನೇ ಮಾಡಿದಾರೆ."

ಕೆಂಪರಾಜು ಕಣ್ಣು ಕಿರಿದು ಮಾಡಿ ಕೇಳುತ್ತ ನಿಂತರು. ಆಮೇಲೆ ತೊಡೆ ತಟ್ಟಿಕೊಂಡರು. "ಫಿಲ್ಮ್ ಸೊಸೈಟೀಲಿ ತೋರಿಸಿದ್ದ ಜಪಾನ್ ಸಿನಿಮಾ! ಕ್ಲಾಸಿಗೆ ಚಕ್ಕರ್ ಹಾಕಿ ಹೋಗಿದ್ವಲ್ಲೋ. ಕೋಟು ಹಾಕ್ಕೊಂಡು ಕತ್ತೀಲಿ ಹೊಡೆದಾಡೋರು. ಒಂದಕ್ಷರ ಅರ್ಥ ಆಗ್ಲಿಲ್ಲ. ವಾಪಸ್ ಸೈಕಲ್‌ನಲ್ಲಿ ಡಬಲ್ಸ್ ಬರೋವಾಗ..."

"ಇಬ್ರೂ ಗುನುಗ್ತಾ ಬಂದ್ವಿ."

ಕೆಂಪರಾಜು ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೂ. "ಯಾವನದೋ ಜಮೀನಿಗೆ ನಾವಿಬ್ರೂ ಇಷ್ಟು ವರ್ಷ ವ್ಯಾಜ್ಯ ಹೂಡ್ಕೊಂಡು ಕೂತಿದ್ವಲ್ಲೋ!"

ಅನಂತರಾಮು ಮಾತ್ರ ನಗಲಿಲ್ಲ. ಫೋನನ್ನು ಕಿವಿಗೆ ಹಿಡಿದು ಮತ್ತೊಮ್ಮೆ ಮೊದಲಿನಿಂದ ಕೇಳಿದರು. ನಡುವೆ ಒಂದು ಕಡೆ ಗಿಟಾರು ತಟ್ಟನೆ ನಿಂತಿತು. ನಾಲ್ಕೈದು ಕ್ಷಣ ಎಲ್ಲ ಮೌನ. ಬಳಿಕ ಮತ್ತೆ ಗಿಟಾರು.

"ಇದರಲ್ಲಿ ಅದಿಲ್ಲ ಕಣೋ" ಎಂದರು.

"ಯಾವ್ದು?"

"ಇಲ್ಲಿ ನೀನು ತಮಟೆ ಪೆಟ್ಟು ಹಾಕ್ತಿದ್ದೆಯಲ್ಲ, ಅದು."

"ಅದು ನಮ್ಮೂರ ಮಾರಮ್ಮನ ಕುಣಿತದ್ದು. ಜಪಾನ್‌ನೋರಿಗೆ ಎಲ್ಲಿಂದ ಬರ್ಬೇಕು?"

ಅನಂತರಾಮು ಬಗ್ಗಿ ಪೇಪರನ್ನು ಎತ್ತಿ ಮಡಚಿದರು. ಗೆಳೆಯನ ಮುಖ ನೋಡುವುದು ಕಷ್ಟವಾಯಿತು. "ಅವತ್ತು ಜನ ಶಿಳ್ಳೆ ಹಾಕಿದ್ದು ಅಲ್ಲೇ ಕಣೋ. ನನ್ ಗಿಟಾರಿಗಲ್ಲ. ಅದು ನಂಗೆ ಅವತ್ತೇ ಗೊತ್ತಿತ್ತು."

 ಕೆಂಪರಾಜು ಫೋನು ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ತಾವೇ ಮತ್ತೆ ಶುರುಮಾಡಿ ಗೇಟಿನ ಕಂಬದ ಮೇಲಿಟ್ಟರು. ಆ ಮೌನದ ಜಾಗ ಬಂತು. ಕಬ್ಬಿಣದ ಗೇಟಿನ ತಗಡಿನ ಮೇಲೆ ಅವರ ಎರಡೂ ಕೈಗಳು ಬಿದ್ದವು. ಬಾಡಿಗೆದಾರರು ಒಬ್ಬೊಬ್ಬರಾಗಿ ಬಾಲ್ಕನಿಗೆ ಬಂದು ಇಣುಕಿದರು. ಜಪಾನಿನ ಗಿಟಾರು ಮರಳಿ ಬಂದು, ಪೂರ್ತಿ ನುಡಿದು ಮುಗಿದಮೇಲೂ ಕೆಂಪರಾಜು ಬಾರಿಸುತ್ತಲೇ ಇದ್ದರು.