ಇಳಿಯುವಾಗಿನ ತೂಕ

“ಆಂಟಿ, ನಿಮ್ದೊಂದೇ ಬಾಕಿ. ಹತ್ತುವಾಗ ಬ್ಯಾಗ್ ಎಷ್ಟಿತ್ತು?” ಮುಂದಿನ ಸೀಟಿನಿಂದ ಮನು ಕೇಳಿದ. ಸಾವನದುರ್ಗ ಬೆಟ್ಟ ಹತ್ತಿಳಿದು ಮರಳುತ್ತಿದ್ದ ವ್ಯಾನಿನಲ್ಲಿ ಅವನು, ಹೊತ್ತ ಬ್ಯಾಗಿನ ತೂಕವನ್ನೂ ಸೇರಿಸಿ, ಒಬ್ಬೊಬ್ಬರೂ ಕರಗಿಸಿದ ಕ್ಯಾಲೊರಿಯನ್ನು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದ.

“ಆರು ಕೆಜಿ,” ಎಂದಳು ಸೀತಾಲಕ್ಷ್ಮಿ.

“ಇಳಿಯುವಾಗ?”

ಬ್ಯಾಗು ಅವಳ ಕಾಲ ಬಳಿ ಇತ್ತು. ಮಾತಿಗೆ ಯಾರಾದರೂ ಸಿಗಲಿ ಎಂದು ಅವಳು ಹೊಸದಾಗಿ ಸೇರಿದ ಚಾರಣದ ಗುಂಪು ಇದು. ಎಲ್ಲರಿಗೂ ಆಗುವಷ್ಟು ಪುಳಿಯೋಗರೆ ಕಲಸಿ, ದೊಡ್ಡ ಡಬ್ಬಿಗೆ ತುಂಬಿ, ಅದನ್ನು ಹೊತ್ತುಕೊಂಡೇ ಆ ಕಡಿದಾದ ಬಂಡೆ ಹತ್ತಿದ್ದಳು. ತುದಿಯಲ್ಲಿ ಕೂತಾಗ ಗುಂಪಿನ ಹುಡುಗಿ ಶರ್ವಾಣಿ, “ಈಗ ಅನ್ನ ತಿಂದ್ರೆ ಹತ್ತಿದ್ದೆಲ್ಲ ವೇಸ್ಟ್ ಗುರು,” ಎಂದು ನಕ್ಕಳು. ಎಲ್ಲರೂ ಖರ್ಜೂರ ಹಂಚಿಕೊಂಡರು. ಜಿಪ್ಪಿನ ಮೇಲಿದ್ದ ಬೆರಳನ್ನು ಸೀತಾಲಕ್ಷ್ಮಿ ಹಿಂದಕ್ಕೆ ತೆಗೆದುಕೊಂಡಿದ್ದಳು. ಈಗ ನಿಜ ಹೇಳಿದರೆ ಒಳಗೇನಿದೆ ಎಂದು ಕೇಳುತ್ತಾರೆ.

“ಎರಡು ಕೆಜಿ,” ಎಂದಳು.

“ನಾಲ್ಕು ಕೆಜಿ ಒಬ್ರೇ ಖಾಲಿ ಮಾಡಿದ್ರಾ ಆಂಟಿ? ಸಖತ್!”

“ನೀರೇ ಜಾಸ್ತಿ ಇತ್ತಪ್ಪಾ.”

ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು.

“ಹಾಗಾದ್ರೆ ಎಲ್ರಿಗಿಂತ ಕಮ್ಮಿ ಕ್ಯಾಲೊರಿ ನಿಮ್ದೇ,” ಎಂದ ಮನು.

ಅವಳು ಇಳಿಯಬೇಕಾದ ಕತ್ರಿಗುಪ್ಪೆ ಬಂತು. ಎಲ್ಲರೂ ನೋಡುತ್ತಿದ್ದರು. ಸೀತಾಲಕ್ಷ್ಮಿ ಆ ಬ್ಯಾಗನ್ನು ಹಗುರವೆಂಬಂತೆ ಒಂದೇ ಕೈಯಲ್ಲಿ ಎತ್ತಿಕೊಂಡು ಇಳಿದಳು.