ಕುಂಸಿಯ ವರ

ಬೀರುವಿನ ಬೀಗದ ಕೈ ಮ್ಯಾನೇಜರ್ ಪ್ರಸನ್ನಕುಮಾರ್ ಅವರ ಬೆರಳಿನಲ್ಲಿ ಗಿರಗಿರನೆ ತಿರುಗುತ್ತಿತ್ತು. ಬೀರು ಅವರ ಬೆನ್ನ ಹಿಂದೆಯೇ ಇತ್ತು. ಆದರೆ ಅದು ತೆರೆಯುವ ಮೊದಲು ಒಂದು ಉಪದೇಶ ಕೇಳಲೇಬೇಕು. ಅದು ಆ ಆಸ್ಪತ್ರೆಯ ಸಂಪ್ರದಾಯ.

"ನರ್ಸಿಂಗ್ ಅಂದ್ರೆ ಸೇವೆ ಕಣಮ್ಮಾ. ಸಂಬಳ ನೋಡ್ಬಾರ್ದು, ಗಡಿಯಾರ ನೋಡ್ಬಾರ್ದು," ಎಂದರು, ಗಡಿಯಾರ ನೋಡುತ್ತಾ. ಅವರ ಊಟದ ಹೊತ್ತಾಗಿತ್ತು.

ಎದುರು ನಿಂತಿದ್ದ ಸುಶ್ಮಿತಾ ತಲೆಯಾಡಿಸಿದಳು. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬಂದು, ಶಿವಮೊಗ್ಗದ ಈ ಖಾಸಗಿ ಆಸ್ಪತ್ರೆಯಲ್ಲಿ ಮತ್ತೆ ನಿಂತುಕೊಂಡೇ ಸೇವೆ ಮಾಡಿದವಳು. ಕೆಲಸ ಬಿಡುವುದಿಲ್ಲ ಎಂದು ಬರೆದುಕೊಟ್ಟಿದ್ದ ಬಾಂಡ್ ಮುಗಿದು ತಿಂಗಳುಗಳಾಗಿದ್ದವು. ಸೇರುವಾಗ ಇಸಿದುಕೊಂಡಿದ್ದ ಅವಳ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳು ಮಾತ್ರ ಇನ್ನೂ ಆ ಬೀರುವಿನಲ್ಲೇ ಇದ್ದವು. ಹೆತ್ತ ಮಕ್ಕಳಂತೆ ಜೋಪಾನ ಮಾಡಿದ್ದರು. ಕೇಳಿದರೆ ಕೊಡುತ್ತಿರಲಿಲ್ಲ, ಅಷ್ಟೆ.

ನಾಳೆ ಬೆಳಿಗ್ಗೆ ಅವು ಅವಳ ಕೈಯಲ್ಲಿರಬೇಕಿತ್ತು. ಸರ್ಕಾರಿ ನರ್ಸ್ ಕೆಲಸಕ್ಕೆ ಅವಳ ಆಯ್ಕೆಯಾಗಿತ್ತು. ಒರಿಜಿನಲ್ ತೋರಿಸದಿದ್ದರೆ ಆ ಕೆಲಸ ಇನ್ಯಾರದೋ ಪಾಲು.

ನಿಜ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಎರಡನೇ ಮಹಡಿಯಲ್ಲಿ ಸೀತಾ ಇದ್ದಳು. ಹೋದ ವರ್ಷ ಆ ಪುಣ್ಯಾತ್ಗಿತ್ತಿ "ಗೌರ್ಮೆಂಟ್ ಕೆಲ್ಸ ಸಿಕ್ಕಿದೆ ಸರ್" ಎಂದುಬಿಟ್ಟಿದ್ದಳು. ಮ್ಯಾನೇಜರು ಹಿರಿಹಿರಿ ಹಿಗ್ಗಿ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಬೀಗದ ಕೈ ಮಾತ್ರ ದೊಡ್ಡ ಡಾಕ್ಟರ ಜೊತೆ ಮಂಗಳೂರಿಗೆ ಹೋಗಿತ್ತು. ಅದು ವಾಪಸು ಬರುವಷ್ಟರಲ್ಲಿ ತಾರೀಖು ಮುಗಿದಿತ್ತು. ಸೀತಾ ಗೋಳೋ ಎಂದು ಅತ್ತಳು. ಪಕ್ಕದಲ್ಲೇ ನಿಂತಿದ್ದ ಮೇಟ್ರನ್ ಹಾಲಮ್ಮ ಕನ್ನಡಕ ಒರೆಸಿಕೊಂಡರು. ಸೀತಾ ಈಗಲೂ ಅದೇ ವಾರ್ಡಿನಲ್ಲಿ ಡ್ರಿಪ್ ಬದಲಾಯಿಸುತ್ತಿದ್ದಾಳೆ.

ಆ ಬೀರು ಮದುವೆಗೆ ಮಾತ್ರ ತೆರೆಯುತ್ತದೆ ಎಂದು ಹುಡುಗಿಯರು ಕಂಡುಕೊಂಡದ್ದು ಆಮೇಲೆ. ಹೆಣ್ಣಿನ ಮದುವೆಗೆ ಅಡ್ಡ ಬಂದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಮ್ಯಾನೇಜರ ತಾಯಿ ಹೇಳಿಕೊಟ್ಟಿದ್ದರಂತೆ. ಹೆಣ್ಣಿನ ಕೆಲಸಕ್ಕೆ ಅಡ್ಡ ಬಂದರೆ ಏನು ಸುತ್ತಿಕೊಳ್ಳುತ್ತದೆ ಎಂದು ಹೇಳಿಕೊಡುವುದು ಆ ತಾಯಿಗೆ ಮರೆತುಹೋಗಿತ್ತು. ಸುಶ್ಮಿತಾಳೂ ಇವತ್ತು ಮದುವೆ ಎಂದೇ ಹೇಳಿ ಬಂದು ನಿಂತಿದ್ದಳು.

"ಈ ವರ್ಷ ಅದೇನ್ ಮುಹೂರ್ತಗಳೋ! ಒಬ್ಬರಾದ ಮೇಲೆ ಒಬ್ಬರು ಮದ್ವೆ ಆಗ್ ಹೋಗ್ತಿದ್ದೀರಲ್ಲ. ಹುಡುಗ ಯಾರು?"

"ವಸಂತ್ ಅಂತ ಸರ್. ಕುಂಸಿ ಕಡೆಯವ್ರು."

ಹೆಸರು ಅವಳಿಗೆ ಬೆಳಿಗ್ಗೆ ಬಸ್ಸಿನಲ್ಲಿ ಹೊಳೆದಿತ್ತು. ಕುಂಸಿ ಈಗಷ್ಟೇ ಬಾಯಿಗೆ ಬಂತು.

ಬಾಗಿಲು ತೆರೆಯಿತು. ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಹಾಲಮ್ಮ ಒಳಗೆ ಬಂದರು. ಮ್ಯಾನೇಜರ ಕಣ್ಣು, ಕಿವಿ ಎರಡೂ ಆಕೆಯೇ ಎಂದು ಆಸ್ಪತ್ರೆಯ ಗೋಡೆಗಳಿಗೂ ಗೊತ್ತಿತ್ತು. ಸರ್ಕಾರಿ ಕೆಲಸದ ಪರೀಕ್ಷೆಯ ದಿನ ಸುಶ್ಮಿತಾ ಜ್ವರ ಎಂದು ರಜೆ ಕೇಳಿದಾಗ ಹಾಲಮ್ಮ ಕನ್ನಡಕದ ಮೇಲಿಂದ ನೋಡಿದ ನೋಟಕ್ಕೆ ಇದ್ದಬದ್ದ ಜ್ವರವೂ ಇಳಿಯಬೇಕಿತ್ತು.

"ಹಾಗೆಲ್ಲ ನಂಬ್ಬೇಡಿ ಸರ್. ಇವ್ರು ಮದ್ವೆ ಅಂತಾರೆ, ಆಮೇಲ್ ನೋಡಿದ್ರೆ ಇನ್ನೆಲ್ಲೋ ಡ್ಯೂಟಿ ಮಾಡ್ತಿರ್ತಾರೆ. ಆ ಹುಡುಗನ್ನೇ ಕೇಳಿಬಿಡೋಣ, ಫೋನ್ ಮಾಡಿ."

ಸುಶ್ಮಿತಾ ತಡವರಿಸಿದಳು. "ನಂ... ನಂಬರ್ ನನ್ ಹತ್ರ ಇಲ್ಲ ಮೇಡಂ."

"ಮದ್ವೆ ಆಗೋನ ನಂಬರ್ ಇಲ್ವಾ?" ಮ್ಯಾನೇಜರ ಬೆರಳಿನಲ್ಲಿ ಬೀಗದ ಕೈ ತಿರುಗುವುದು ನಿಂತಿತು.

"ನನ್ ಹತ್ರ ಇದೆ ಬಿಡಿ. ಇವ್ರಮ್ಮನೇ ಕೊಟ್ಟಿದ್ದಾರೆ," ಎಂದು ಹಾಲಮ್ಮ ಮೊಬೈಲ್ ತೆಗೆದರು.

ಸುಶ್ಮಿತಾಳ ಅಮ್ಮನಿಗೆ ಹಾಲಮ್ಮ ಯಾರೆಂದೇ ಗೊತ್ತಿರಲಿಲ್ಲ. ಸ್ಪೀಕರಿನಲ್ಲಿ ಎರಡು ಸಲ ರಿಂಗಾಯಿತು.

"ಹಲೋ, ಕುಂಸಿ ವಸಂತ್ ಅವ್ರಾ? ನಾನು ಶಿವಮೊಗ್ಗ ಆಸ್ಪತ್ರೆಯಿಂದ. ನಮ್ ಸುಶ್ಮಿತಾನ ಮದ್ವೆ ಆಗ್ತಿರೋರು ನೀವೇ ತಾನೆ?"

ಆ ಕಡೆ ಕುಕ್ಕರ್ ಒಮ್ಮೆ ಕೂಗಿತು. ಆಮೇಲೆ ಒಂದು ಗಡಸು ಗಂಟಲು.

"ಹೌದು. ಯಾಕೆ?"

"ಅವಳ ಸರ್ಟಿಫಿಕೇಟ್ ವಿಷ್ಯ."

"ನಮ್ಮನೆ ಸೊಸೆ ಕಂಡೋರಿಗೆ ಸೂಜಿ ಚುಚ್ಚಿ ಬದುಕ್ಬೇಕಾಗಿಲ್ಲ! ಇವತ್ತು ಸಂಜೆಯೊಳಗೆ ಅವಳ ಕಾಗದಪತ್ರ ಎಲ್ಲ ಮನೆಗೆ ಬರ್ಬೇಕು. ಬರ್ಲಿಲ್ವೋ, ಈ ಸಂಬಂಧನೇ ಬೇಡ. ಹೆಣ್ಣಿನ ಶಾಪ ತಟ್ಟೋದು ನಿಮ್ಗೆ, ನನಗಲ್ಲ!"

ಫೋನ್ ಕಟ್ಟಾಯಿತು. ಸುಶ್ಮಿತಾ ಆ ಮೊಬೈಲನ್ನೇ ನೋಡಿದಳು. ತಾನು ಹುಟ್ಟಿಸಿದ ಗಂಡು ಮ್ಯಾನೇಜರನ್ನೇ ಗದರುತ್ತಿದ್ದಾನೆ!

"ಭಲೇ! ಎಂಥ ಸಂಸ್ಕಾರವಂತ ಹುಡುಗ," ಎಂದ ಪ್ರಸನ್ನಕುಮಾರ್ ಆಗಲೇ ಬೀರು ತೆರೆದಿದ್ದರು. ಕಾರ್ಡುಗಳನ್ನು ಎರಡೂ ಕೈಯಲ್ಲಿ ಎತ್ತಿ ತಾಂಬೂಲದಂತೆ ಕೊಟ್ಟರು. "ಓದಿದ್ದು ಸಾಕು, ಗಂಡ ಹೇಳಿದ ಹಾಗೆ ಕೇಳ್ಕೊಂಡಿರು. ಅದೇ ಹೆಣ್ಣಿಗೆ ದೊಡ್ಡ ಕೆಲ್ಸ."

"ಆಗ್ಲಿ ಸರ್," ಎಂದಳು. ಎದೆಗೆ ಒತ್ತಿಕೊಂಡ ಕಾರ್ಡುಗಳ ಮೇಲೆ ಕಣ್ಣೀರು ಬೀಳದಂತೆ ಮುಖ ತಿರುಗಿಸಿದಳು. ಇಷ್ಟು ಸಂತೋಷ ಅವಳಿಗೆ ಆಯ್ಕೆ ಪಟ್ಟಿ ನೋಡಿದ ದಿನವೂ ಆಗಿರಲಿಲ್ಲ. ಹೋಗುವ ಹೆಣ್ಣಿನ ಅಳು ಕಂಡು ಮ್ಯಾನೇಜರೂ ಮೂಗು ಒರೆಸಿಕೊಂಡರು.

ಮೆಟ್ಟಿಲ ಬಳಿ ಅವಳು ಹಾಲಮ್ಮನ ಸೆರಗು ಹಿಡಿದೇಬಿಟ್ಟಳು. "ಮೇಡಂ, ಫೋನಲ್ಲಿ ಯಾರದು?"

"ನಿನ್ ಗಂಡ ಯಾರು ಅಂತ ನನ್ನ ಕೇಳ್ತೀಯಲ್ಲ ಮಾರಾಯ್ತಿ! ಭದ್ರಾವತಿ ಬಸ್ ಹೋಗ್ಬಿಡುತ್ತೆ, ನಡಿ ನಡಿ," ಎಂದು ಹಾಲಮ್ಮ ಗದರಿದರು. ತಿರುಗಿಯೂ ನೋಡದೆ ವಾರ್ಡಿನತ್ತ ನಡೆದರು.

ಸಂಜೆ ದುರ್ಗಿಗುಡಿಯ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಿವೃತ್ತ ಗುಮಾಸ್ತ ಶಿವಮೂರ್ತಪ್ಪನವರು, ಆಗಷ್ಟೇ ಡ್ಯೂಟಿ ಮುಗಿಸಿ ಬಂದ ಹೆಂಡತಿಯನ್ನು ಕೇಳಿದರು: "ಅಲ್ಲ ಕಣೇ ಹಾಲಮ್ಮ, ಇವತ್ತಿಂದೂ ಸೇರಿ ನಂಗೆ ಒಟ್ಟು ಎಷ್ಟು ಮದ್ವೆ ಆಯ್ತು?"

"ಎಷ್ಟಾದ್ರೂ ಆಗ್ಲಿ ಬಿಡ್ರಿ. ನಾಳಿದ್ದು ಸೀತಾ ಮತ್ತೆ ಸರ್ಟಿಫಿಕೇಟ್ ಕೇಳೋಕೆ ಹೋಗ್ತಾಳೆ. ಈ ಸಲ ನಿಮ್ ಹೆಸ್ರು ಯುವರಾಜ್, ಮರೀಬೇಡಿ."