ಕರ್ಪೂರ ಮುಟ್ಟದ ಆಣೆ

ಇತ್ತೀಚೆಗೆ ಯಾರಿಗಾದರೂ "ಆಗೋದಿಲ್ಲ" ಎಂದಿದ್ದೀರಾ? ಹಾಗಾದರೆ ಚಹಾ ಪಕ್ಕಕ್ಕಿಟ್ಟು ಇದನ್ನು ಓದಿ...

ರಾಣೆಬೆನ್ನೂರಿನಲ್ಲಿ ರುದ್ರಮುನಿ ಸಾಹುಕಾರರದ್ದು ದೊಡ್ಡ ಬೀಜದ ಅಂಗಡಿ. ಅವರ ಕಾರು ಓಡಿಸುವ ಹುಡುಗ ಫಕ್ಕೀರೇಶ. ವಯಸ್ಸು ಇಪ್ಪತ್ನಾಲ್ಕು.

ರಸ್ತೆಯಲ್ಲಿ ಗುಂಡಿ ಬಂದರೆ ಹಿಂದೆ ಕೂತವರಿಗೆ ಗೊತ್ತೇ ಆಗದ ಹಾಗೆ ಓಡಿಸುತ್ತಿದ್ದ. ಸಾಹುಕಾರರು ಹುಬ್ಬಳ್ಳಿ ಮುಟ್ಟುವವರೆಗೆ ಆರಾಮಾಗಿ ಗೊರಕೆ ಹೊಡೆಯುತ್ತಿದ್ದರು.

ಒಂದು ಬೆಳಿಗ್ಗೆ ಅವನು ಸಾಹುಕಾರರ ಮನೆಯ ಕಟ್ಟೆಯ ಹತ್ತಿರ ಬಂದು ನಿಂತ.

"ಅಣ್ಣಾರ, ಸ್ವಂತದ್ದೊಂದು ಗಾಡಿ ತಗೋಬೇಕಂತ ಮಾಡೀನ್ರಿ. ಹಳದಿ ಬೋರ್ಡಿಂದು, ಬಾಡಿಗಿ ಹೊಡ್ಯಾಕ. ಮುಂಗಡ ರೊಕ್ಕ ಕೂಡಿಸಿಟ್ಟೀನಿ. ಆದ್ರ ಬ್ಯಾಂಕಿನವ್ರು ಲೋನ್ ಕೊಡವಲ್ರು."

"ಯಾಕ?"

"ನೀ ಇಲ್ಲಿತನಕ ಒಂದೂ ಸಾಲ ಮಾಡಿಲ್ಲ, ನಿನ್ನ ಹೆಸರಿಗೆ ಸಿಬಿಲ್ ಸ್ಕೋರೇ ಇಲ್ಲ, ನಿನ್ನ ಹೆಂಗ ನಂಬೂದು ಅಂತಾರ್ರಿ."

ಕೇಳಿದಿರಾ? ಸಾಲ ಮಾಡದೆ ಬದುಕಿದ್ದೇ ಹುಡುಗನ ತಪ್ಪಾಯಿತು!

"ಒಳ್ಳೆ ಸ್ಕೋರ್ ಇದ್ದವ್ರು ಒಬ್ರು ಜಾಮೀನು ಸಹಿ ಹಾಕಿದ್ರ ಸಾಕಂತ್ರಿ... ನೀವು ಹಾಕಿದ್ರ..." ಎಂದು ತಲೆ ತಗ್ಗಿಸಿ, ಕಾಲ್ಬೆರಳಿನಿಂದ ನೆಲ ಕೆರೆಯುತ್ತ ನಕ್ಕ. "ಗಾಡಿ ಆದ್ರ ಇನ್ನೊಂದು ಕೆಲಸಾನೂ ಆಗ್ತೈತ್ರಿ."

ಅದೇನು ಕೆಲಸ ಎಂದು ಸಾಹುಕಾರರು ಕೇಳಲಿಲ್ಲ.

ಅವರ ತಲೆಯಲ್ಲಿ ಓಡಿದ್ದು ಒಂದೇ... ಇವನು ಸ್ವಂತ ಗಾಡಿ ತಗೊಂಡರೆ ನನ್ನ ಗಾಡಿ ಓಡಿಸುವವರು ಯಾರು?

ಹಾಗೆಂದು ಬಾಯಿಬಿಟ್ಟು ಹೇಳುವುದಕ್ಕಾಗುತ್ತದೆಯೇ? ಊರಿನ ದೊಡ್ಡ ಮನುಷ್ಯರು. ಅದಕ್ಕೇ ದೇವರನ್ನು ಎಳೆದು ತಂದರು.

"ಹಾಕ್ತಿದ್ದೆ ತಮ್ಮಾ... ಆದ್ರ ಹಿಂದ ಒಬ್ಬಾವ ನನಗ ಮೋಸ ಮಾಡ್ದ. ಅವತ್ತ ಮನಿದೇವ್ರು ವೀರಭದ್ರನ ಮುಂದ ಕರ್ಪೂರ ಮುಟ್ಟಿ ಆಣಿ ಮಾಡೀನಿ, ಇನ್ನ ಯಾರಿಗೂ ಜಾಮೀನು ಹಾಕೂದಿಲ್ಲಂತ."

ಫಕ್ಕೀರೇಶನ ಮುಖ ಸಪ್ಪಗಾಯಿತು. ಆದರೂ ಗಲ್ಲ ಗಲ್ಲ ಬಡಿದುಕೊಂಡು, "ತಪ್ಪಾತ್ರಿ ಅಣ್ಣಾರ, ಗೊತ್ತಿಲ್ದ ಕೇಳಿದೆ. ದೇವ್ರ ಆಣಿ ದೊಡ್ಡದ್ರಿ" ಎಂದು ಹೊರಟುಹೋದ.

ಸಾಹುಕಾರರ ಹೆಂಡತಿ ಒಳಗಿನಿಂದ ಬಂದರು. "ಅಲ್ರೀ, ಈ ಆಣಿ ಯಾವಾಗ ಮಾಡಿದ್ರಿ? ನನಗ ಗೊತ್ತಿಲ್ದ?"

"ಸುಮ್ನಿರು. ನಿನಗ ತಿಳಿಯೂದಿಲ್ಲ."

ತಿಳಿಯದೆ ಏನು... ಆ ತಾಯಿಗೆ ಎಲ್ಲ ತಿಳಿದಿತ್ತು.

ಆಮೇಲೆ ಫಕ್ಕೀರೇಶ ಯಾರ್ಯಾರ ಬಾಗಿಲು ತಟ್ಟಿದನೋ, ಯಾರೂ ಸಹಿ ಹಾಕಲಿಲ್ಲ. ಗಾಡಿಯ ಮಾತು ಅಲ್ಲಿಗೇ ನಿಂತಿತು. ಸಾಹುಕಾರರು ಮೊದಲಿನಂತೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರು.

ಬೇಸಿಗೆ ಬಂತು. ಬ್ಯಾಡಗಿ ಹತ್ತಿರದ ಹಳ್ಳಿಯ ಶೇಖಪ್ಪ, ಅಂಗಡಿಯ ಹಳೆಯ ಗಿರಾಕಿ, ಮಗಳ ಮದುವೆಗೆ ಸಾಹುಕಾರರನ್ನು ಕರೆದಿದ್ದ. ಕಾರು ಓಡಿಸಿದ್ದು ಫಕ್ಕೀರೇಶನೇ.

ಅಂದು ಮಾತ್ರ ರಸ್ತೆಯ ಗುಂಡಿಗಳೆಲ್ಲ ಸಾಹುಕಾರರ ಸೊಂಟಕ್ಕೆ ಗೊತ್ತಾದವು.

"ಬಾರೋ, ಊಟ ಮಾಡೂಣು" ಎಂದರು ಸಾಹುಕಾರರು, ಮದುವೆ ಮನೆಯ ಮುಂದೆ ಇಳಿಯುತ್ತ.

"ಹಸಿವಿಲ್ರಿ ಅಣ್ಣಾರ. ನೀವು ಹೋಗಿ ಬರ್ರಿ." ಅವನು ಕಾರಿನಲ್ಲೇ ಕೂತ.

ಅಕ್ಷತೆ ಬಿತ್ತು. ಊಟಕ್ಕೆ ಎಲೆ ಹಾಕಿ ಹೋಳಿಗೆ ಬಡಿಸಿದರು. ಶೇಖಪ್ಪ ಬಂದು ಸಾಹುಕಾರರ ಪಕ್ಕದಲ್ಲಿ ಕೂತ.

"ನಿಮ್ಮ ಡ್ರೈವರ್ ಹುಡುಗ ಒಳಗ ಬರ್ಲಿಲ್ಲೇನ್ರಿ?... ಪಾಪ, ಹೆಂಗ ಬಂದಾನು. ಮೊದ್ಲು ನಮ್ಮ ಹುಡುಗಿನ್ನ ಅವಂಗ ಕೊಡಬೇಕಂತ ಇದ್ವಿ. ಇಬ್ರೂ ಒಪ್ಪಿದ್ರು. ಸ್ವಂತದ್ದೊಂದು ಗಾಡಿ ಆಗ್ಲಿ ಅಂದಿದ್ದೆ, ಅಷ್ಟ. ಲೋನ್ ಆಗ್ಲಿಲ್ಲ."

ಸಾಹುಕಾರರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ನಿಮ್ಮ ಸಾಹುಕಾರ್ನ ಇನ್ನೊಮ್ಮೆ ಕೇಳೋ ಅಂತ ನಾನ ಅಂದೆ. ಅದಕ್ಕವ, 'ಅವ್ರು ದೇವ್ರ ಮುಂದ ಆಣಿ ಮಾಡ್ಯಾರ್ರಿ. ನನ್ನ ಮದಿವಿ ಸಲುವಾಗಿ ಅದನ್ನ ಮುರೀರಿ ಅನ್ನೂದು ಪಾಪ' ಅಂದ. ಇಂಥಾ ಹುಡುಗ... ನಮ್ಮ ನಸೀಬದಾಗ ಇರ್ಲಿಲ್ಲ ಬಿಡ್ರಿ."

ಸಾಹುಕಾರರು ಎಲೆ ಬಿಟ್ಟು ಎದ್ದರು. ಕಾರಿನ ಹತ್ತಿರ ಬಂದು, ಯಾವತ್ತೂ ಇಲ್ಲದ ಹಾಗೆ ಮುಂದಿನ ಸೀಟಿನಲ್ಲಿ ಕೂತರು. ಫಕ್ಕೀರೇಶನ ಕಣ್ಣುಗಳು ಕೆಂಪಗಿದ್ದವು.

"ನಾಳೆ ಬ್ಯಾಂಕಿಗೆ ಹೋಗೂಣು ನಡಿ. ನಾ ಸಹಿ ಹಾಕ್ತೀನಿ."

ಅವನು ಗಾಬರಿಯಾದ. "ಬ್ಯಾಡ್ರಿ ಅಣ್ಣಾರ! ಆಣಿ ಮುರೀಬ್ಯಾಡ್ರಿ. ನಿಮ್ಮ ಮಕ್ಕಳು ಮರಿ ಚಂದಾಗಿರಬೇಕ್ರಿ. ನನ್ನ ಒಂದು ಗಾಡಿ ಸಲುವಾಗಿ ನಿಮ್ಮ ಮನಿಗೆ ಕೇಡಾಗೂದು ಬ್ಯಾಡ."

ಇನ್ನು ಸಾಹುಕಾರರಿಗೆ ತಡೆಯಲಾಗಲಿಲ್ಲ. ಅಷ್ಟು ದೊಡ್ಡ ಮನುಷ್ಯ ಚಿಕ್ಕ ಮಕ್ಕಳಂತೆ ಅತ್ತುಬಿಟ್ಟರು.

"ನಾ ಆಣಿ ಮಾಡೇ ಇಲ್ಲೋ ತಮ್ಮಾ... ನೀ ಬಿಟ್ಟು ಹೋಗ್ತೀ ಅಂತ ಸುಳ್ಳು ಹೇಳಿದೆ."

ಫಕ್ಕೀರೇಶ ತಿರುಗಿ ನೋಡಲಿಲ್ಲ. ಹೊರಗೆ ಬ್ಯಾಂಡು ಬಾರಿಸುತ್ತಿದ್ದರು. ಅವನು ಮೆಲ್ಲಗೆ ಹೇಳಿದ...

"ಇದನ್ನ ನೀವು ಹೇಳದಿದ್ರ ಚೊಲೊ ಇತ್ರಿ ಅಣ್ಣಾರ. ದೇವ್ರ ಬ್ಯಾಡ ಅಂದಾನ ಅಂತ ತಿಳ್ಕೊಂಡು ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ."

ಸಾಹುಕಾರರು ಬೆನ್ನು ಬಿಡದೆ ಅವನನ್ನು ಬ್ಯಾಂಕಿಗೆ ಕರೆದೊಯ್ದು ಸಹಿ ಹಾಕಿದರು. ಲೋನ್ ಆಯಿತು. ಹಳದಿ ಬೋರ್ಡಿನ ಹೊಸ ಕಾರು ಬಂತು, ಚೆಂಡುಹೂವಿನ ಹಾರ ಬಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು.

ಆದರೆ ಪಕ್ಕದ ಸೀಟಿನಲ್ಲಿ ಕೂತು ಮೊದಲ ಸುತ್ತು ಹೋಗಬೇಕಿದ್ದವಳು ಬೇರೆ ಊರಿನಲ್ಲಿ ಸಂಸಾರ ಮಾಡುತ್ತಿದ್ದಳು...

ಪೂಜೆ ಮುಗಿಸಿ ಫಕ್ಕೀರೇಶ ಆರತಿ ತಟ್ಟೆಯನ್ನು ಮೊದಲು ಸಾಹುಕಾರರ ಮುಂದೆಯೇ ಹಿಡಿದ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು.

ಸಾಹುಕಾರರ ಕೈ ಮುಂದೆ ಹೋಗಲಿಲ್ಲ.

ಸಹಾಯ ಮಾಡಲು ಮನಸ್ಸಿಲ್ಲದಿದ್ದರೆ ಇಲ್ಲ ಎನ್ನಿ... ನಿಮ್ಮ ಸ್ವಾರ್ಥಕ್ಕೆ ದೇವರ ಹೆಸರಿಡಬೇಡಿ.

ನೀವು ಹೇಳಿದ ಸುಳ್ಳು ಕಾರಣವನ್ನು ನಿಜವೆಂದು ನಂಬಿ, ಇವತ್ತಿಗೂ ನಿಮ್ಮನ್ನು ಗೌರವಿಸುತ್ತಿರುವವರು ಯಾರಾದರೂ ಇದ್ದಾರೆಯೇ?